ಮಾರುತ್ ಯುದ್ಧ ಕಂಡಿಲ್ಲ ಎಂದು ಬರೆಸಿದವರು ಯಾರು?

ಮಾನ್ಯ ಸಂಪಾದಕರೇ,

ವಿಜಯ ದಿವಸದ ಅಂಗವಾಗಿ ನಮ್ಮ ಬಡಾವಣೆಯ ಮೈದಾನದಲ್ಲಿ ಏರ್ಪಡಿಸಿರುವ ಛಾಯಾಚಿತ್ರ ಪ್ರದರ್ಶನದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಮೊನ್ನೆ ಬಂದ ವರದಿಯನ್ನೂ, ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲೇ ತಯಾರಾದ ಮಾರುತ್ ಯುದ್ಧವಿಮಾನದ ಫಲಕದ ಕುರಿತು ಎದ್ದ ಆಕ್ಷೇಪಕ್ಕೆ ಅಧಿಕಾರಿಯೊಬ್ಬರು ಸಣ್ಣ ತಪ್ಪೆಂದು ಕೊಟ್ಟ ಉತ್ತರವನ್ನೂ ಓದಿ ಈ ಪತ್ರ ಬರೆಯುತ್ತಿದ್ದೇನೆ. ಅದು ಸಣ್ಣ ತಪ್ಪಲ್ಲ. ಎಚ್‌ಎಫ್‌-24 ಮಾರುತ್ ಎಂಬ ತಲೆಬರಹದ ಕೆಳಗೆ ಅಂಟಿಸಿರುವುದು ರಷ್ಯಾದ ಬೇರೊಂದು ಯುದ್ಧವಿಮಾನವಾದ ಮಿಗ್‌-21ರ ಚಿತ್ರ. ಅದರ ಕೆಳಗೆ, ಇದು ಯುದ್ಧದಲ್ಲಿ ಬಳಕೆಯಾಗದ ವಿಫಲ ವಿಮಾನ ಎಂಬ ಒಕ್ಕಣೆ. ಮಿಗ್‌-21ಕ್ಕೆ ಗಾಳಿ ಎಳೆದುಕೊಳ್ಳುವ ಬಾಯಿ ಮೂತಿಯ ತುದಿಯಲ್ಲೇ ಇದ್ದು, ಹಿಂದೆ ಬೆಂಕಿ ಉಗುಳುವ ಕೊಳವೆ ಒಂದೇ ಇರುತ್ತದೆ. ಮಾರುತ್‌ನ ಮೂತಿ ಚೂಪಾಗಿದ್ದು, ಗಾಳಿಯ ಬಾಯಿಗಳು ಒಡಲಿನ ಎರಡೂ ಪಕ್ಕಗಳಲ್ಲಿ ಅರ್ಧ ಶಂಕುವಿನಂಥ ಉಬ್ಬುಗಳೊಂದಿಗೆ ಇರುತ್ತವೆ. ಎಂಜಿನ್ ಎರಡಾದ್ದರಿಂದ ಬಾಲದಲ್ಲಿ ಕೊಳವೆಯೂ ಜೋಡಿ. ಇಷ್ಟನ್ನು ಗುರುತಿಸಲು ಕಣ್ಣು ಬಿಟ್ಟು ನೋಡಿದರೆ ಸಾಕು, ಪರಿಣತಿ ಬೇಕಿಲ್ಲ.

ಇದನ್ನು ತಿಳಿಸಲೆಂದು ಮಂಡಿನೋವಿನ ಕಾಲೆಳೆದುಕೊಂಡು ನಿನ್ನೆ ಅಲ್ಲಿಗೆ ಹೋದರೆ, ದ್ವಾರದಲ್ಲಿದ್ದವರು ಮಾಹಿತಿ ಕೇಂದ್ರಕ್ಕೆ ಕಳಿಸಿದರು, ಅಲ್ಲಿದ್ದವರು ವಲಯ ಕಚೇರಿಗೆ ಹೋಗಿ ಎಂದರು. ವಲಯ ಕಚೇರಿಯಲ್ಲಿ ಬಿಸಿಲು ಇಳಿಯುವವರೆಗೆ ಕಾಯಿಸಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಹೇಳಿ, ನನ್ನ ಮನವಿಗೆ ಸ್ವೀಕೃತಿ ಮುದ್ರೆ ಹಾಕಲೂ ಒಪ್ಪದೆ ವಾಪಸು ಕಳಿಸಿದರು. ಜೊತೆಗಿದ್ದ ಮೊಮ್ಮಗ, ತಾತ ಮಾಡಿದ ವಿಮಾನ ನಿಜವಾಗಿಯೂ ಯುದ್ಧಕ್ಕೆ ಹೋಗಲಿಲ್ಲವೇ ಎಂದು ದಾರಿಯುದ್ದಕ್ಕೂ ಕೇಳಿದ. ಎಂಜಿನ್ ವಿಭಾಗದಲ್ಲಿ ಮಾರುತ್‌ನ ಆರ್ಫಿಯಸ್ ಎಂಜಿನ್ನಿನ ಬ್ಲೇಡುಗಳ ನಡುವೆಯೇ ಜೀವಮಾನ ಕಳೆದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಯುದ್ಧ ಕಂಡಿಲ್ಲವಂತೆ! 1971ರ ಡಿಸೆಂಬರಿನ ಪಾಕಿಸ್ತಾನ ಯುದ್ಧದಲ್ಲಿ 10 ಮತ್ತು 220ನೇ ಸ್ಕ್ವಾಡ್ರನ್‌ಗಳ ಮಾರುತ್‌ಗಳು ರಾಜಸ್ಥಾನದ ನೆಲೆಗಳಿಂದ ಗಡಿ ದಾಟಿ ಸಿಂಧ್ ಪ್ರಾಂತ್ಯದ ಮೇಲೆ ದಾಳಿ ನಡೆಸಿದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಅವರು ಆಕಾಶದಲ್ಲಿ ಎದುರಾದ ಪಾಕಿಸ್ತಾನದ ಸೇಬರ್ ವಿಮಾನವನ್ನು ಹೊಡೆದುರುಳಿಸಿದ್ದು ಇದೇ ಮಾರುತ್‌ನ 30 ಮಿ.ಮೀ. ತೋಪುಗಳಿಂದ. ಆ ಕಡೆಯೂ ಆಗ ಚೀನಾದಿಂದ ಬಂದ ಅವಳಿ ಎಂಜಿನ್ನಿನ ಎಫ್‌-6 ಯುದ್ಧವಿಮಾನಗಳಿದ್ದವು. ಹಾಗಿದ್ದೂ ಆಕಾಶದ ಕಾಳಗದಲ್ಲಿ ಶತ್ರುವಿಮಾನಕ್ಕೆ ಒಂದು ಮಾರುತ್ತನ್ನೂ ನಾವು ಕಳೆದುಕೊಳ್ಳಲಿಲ್ಲ. ನೆಲದಿಂದ ಬಂದ ಗುಂಡಿಗೆ ಕೆಲವು ಬಿದ್ದದ್ದು ನಿಜ. ಆದರೆ ಒಂದು ಎಂಜಿನ್‌ಗೆ ಪೆಟ್ಟು ಬಿದ್ದು ನಿಂತುಹೋದ ಮೇಲೂ ಇನ್ನೊಂದರ ಬಲದಲ್ಲೇ ಮರುಭೂಮಿ ದಾಟಿ ನೆಲೆಗೆ ಮರಳಿದ ಮಾರುತ್‌ಗಳೂ ಇವೆ. ಒಂಟಿ ಎಂಜಿನ್ನಿನ ವಿಮಾನವಾಗಿದ್ದರೆ ಆ ಪೈಲಟ್‌ಗಳು ಶತ್ರುವಿನ ಮರಳಲ್ಲೇ ಇಳಿಯಬೇಕಿತ್ತು. ಮಾರುತ್ ಪೈಲಟ್‌ಗಳಿಗೆ ವೀರಚಕ್ರ ಸಿಕ್ಕಿದ್ದು ಪರೇಡಿನಲ್ಲಿ ಹಾರಿದ್ದಕ್ಕಲ್ಲ.

ವಿಫಲ ಎನ್ನುವವರು ವೈಫಲ್ಯ ಯಾರದ್ದೆಂದೂ ಬರೆಸಬೇಕಿತ್ತು. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ಕುಳಿತು ವಿನ್ಯಾಸ ಮಾಡಿದ ಈ ವಿಮಾನ 1961ರ ಜೂನ್ 17ರಂದು ಮೊದಲು ಹಾರಿತು. ಶಬ್ದದ ಎರಡು ಪಟ್ಟು ವೇಗ ಅದರ ಗುರಿಯಾಗಿತ್ತು. ಅದಕ್ಕೆ ಬೇಕಾಗಿದ್ದ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ನಿನ ಅಭಿವೃದ್ಧಿ ವೆಚ್ಚ ಭರಿಸಲು ದಿಲ್ಲಿಯವರು ಒಪ್ಪಲಿಲ್ಲ. ಕಡೆಗೆ ಕಿರಿಯ ನ್ಯಾಟ್ ವಿಮಾನದ ಎಂಜಿನ್ನಿನ ಜಾತಿಯದನ್ನೇ ಎರಡೆರಡು ಹೂಡಬೇಕಾಯಿತು. ಕಡತದ ಮೇಲೆ ಕುಳಿತವರ ತಪ್ಪನ್ನು ಅರ್ಧ ಶತಮಾನದ ನಂತರ ಕಾರ್ಖಾನೆಯವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಹಾರಿಸಿದವರ ಗತಿಯೂ ಇದೇ. ಮಾರುತ್ತನ್ನು ಮೊದಲು ಹಾರಿಸಿದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ 1970ರ ಜನವರಿ 10ರಂದು ಅದೇ ವಿಮಾನದ ಪರೀಕ್ಷಾರ್ಥ ಹಾರಾಟದಲ್ಲಿ ಬೆಂಗಳೂರಿನಲ್ಲೇ ಪ್ರಾಣ ಬಿಟ್ಟರು. ಅವರ ಹೆಸರಿನ ರಸ್ತೆಯಲ್ಲಿ ಇವತ್ತು ಓಡಾಡುವ ಎಷ್ಟು ಜನರಿಗೆ ಅವರು ಯಾರೆಂದು ಗೊತ್ತು? ನಾವು ದಿನವೂ ದಾಟುವ ತಿರುವಿನಲ್ಲಿದ್ದ ನಾಮಫಲಕವನ್ನು ಚರಂಡಿ ಕಾಮಗಾರಿಯವರು ಕಿತ್ತುಹಾಕಿದರು. ಅದರ ಜಾಗದಲ್ಲಿ ಈಗ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್ ನೇತಾಡುತ್ತಿದೆ. ಅಗೆದ ಗುಂಡಿ ಮುಚ್ಚಿ ಎಂದು ಕೊಟ್ಟ ಅರ್ಜಿಗೂ ಉತ್ತರವಿಲ್ಲ.

ಆದ್ದರಿಂದ ಆ ಫಲಕವನ್ನು ಕೂಡಲೇ ಕಿತ್ತು ಸರಿಯಾದ ಚಿತ್ರ, ಸರಿಯಾದ ಮಾತು ಹಾಕಬೇಕು. ರಸ್ತೆಯ ನಾಮಫಲಕವನ್ನೂ ಮತ್ತೆ ನಿಲ್ಲಿಸಬೇಕು. ಆ ಒಕ್ಕಣೆ ಬರೆಸಿದವರು ಯಾರೆಂದು ಜನರಿಗೆ ತಿಳಿಸಬೇಕು. ಇದ್ಯಾವುದೂ ಆಗದಿದ್ದರೆ ಪ್ರದರ್ಶನವನ್ನೇ ಮುಚ್ಚಿಬಿಡಲಿ. ಗೊತ್ತಿಲ್ಲದಿದ್ದರೆ ಕೇಳಬೇಕು, ಈ ಬಡಾವಣೆಯಲ್ಲಿ ಮಾರುತ್‌ಗೆ ಕೈಯಾರೆ ರಿವೆಟ್ ಹೊಡೆದವರು, ಎಂಜಿನ್ ಕೂರಿಸಿದವರು ಇನ್ನೂ ಬದುಕಿದ್ದಾರೆ. ಅವರಲ್ಲಿ ಒಬ್ಬರನ್ನೂ ಕೇಳದೆ ಫಲಕ ಬರೆಸಿದ ಅಧಿಕಾರಿಗಳಿಗೆ ನಾಚಿಕೆಯಾಗಬೇಕು.

– ನಿವೃತ್ತ ಎಂಜಿನ್ ಫಿಟ್ಟರ್, ಬೆಂಗಳೂರು