ಸ್ಮಶಾನ ಕೇಳಿದರೆ ‘ಮೂಲಸೌಕರ್ಯ’ ಅಂತ ಬರೆದುಕೊಂಡರು

ಮಾನ್ಯ ಸಂಪಾದಕರೇ,

ನಾನು ರಾಯಚೂರು ಜಿಲ್ಲೆಯವನು. ಸಾರಿಗೆ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತನಾಗಿದ್ದೇನೆ. ಕಥೋಲಿಕ ಕ್ರೈಸ್ತ. ನಮ್ಮೊಳಗಿನ ವಿಷಯ ಪೇಪರಿಗೆ ಯಾಕೆ ಬರೀತೀರಿ ಅಂತ ಮನೆಯಲ್ಲಿ ಈಗಾಗಲೇ ಒಂದು ಸುತ್ತು ಜಗಳ ಆಗಿದೆ. ಆದರೆ ನಮ್ಮ ಬಿಷಪ್ಪರ ಕೈಕೆಳಗಿನ ಪ್ರದೇಶ, ಬಳ್ಳಾರಿ ಧರ್ಮಕ್ಷೇತ್ರ ಅಂದರೆ ಬಳ್ಳಾರಿ, ರಾಯಚೂರು, ಕೊಪ್ಪಳ, ಈಗ ಹೊಸದಾಗಿ ಆದ ವಿಜಯನಗರವೂ ಸೇರಿ ಅಷ್ಟಗಲ. ನಮ್ಮ ಜನ ಒಬ್ಬರ ಮುಖ ಒಬ್ಬರು ನೋಡೋದು ಹಬ್ಬಕ್ಕೋ ಮದುವೆಗೋ. ನಿಮ್ಮ ಪೇಪರ್ ಆದರೆ ದಿನಾ ಬೆಳಿಗ್ಗೆ ಚಹಾದಂಗಡಿಗೇ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

1949ರಲ್ಲಿ ಆದ ಧರ್ಮಕ್ಷೇತ್ರ ಇದು. ಎಪ್ಪತ್ತೈದು ವರ್ಷ ದಾಟಿತು. ಮುಂದೇನು ಅನ್ನೋ ಮಾತು ಎಲ್ಲ ಕಡೆ ನಡೆಯುತ್ತಿದೆ, ನಡೆಯಬೇಕು ಕೂಡ. ನಮ್ಮ ಚರ್ಚು, ಅದಕ್ಕೆ ಸೇರಿದ ಹಳ್ಳಿಗಳು ಕೂಡಿ ಆದ ಧರ್ಮಕೇಂದ್ರದಲ್ಲೂ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಸಭೆ ಕರೆದರು. ಧರ್ಮಕೇಂದ್ರದ ಹೆಸರು ಬರೆಯೋದಿಲ್ಲ. ಆಗಿದ್ದ ಫಾದರ್ ವರ್ಗವಾಗಿ ಹೋದರು, ಈಗ ಬಂದವರಿಗೆ ಸುಮ್ನೆ ಯಾಕೆ ತೊಂದರೆ ಅಲ್ವಾ?

ಸಭೆ ಚೆನ್ನಾಗಿಯೇ ಶುರುವಾಯಿತು. ಫಾದರ್‌ಗಳು, ಸಿಸ್ಟರ್‌ಗಳು, ಹಳ್ಳಿಹಳ್ಳಿಯಿಂದ ಬಂದ ಶ್ರೀಸಾಮಾನ್ಯರು ಎಲ್ಲ ಒಟ್ಟಿಗೆ ಕೂತೆವು. ಎಂಟೆಂಟು ಜನರ ಗುಂಪು ಮಾಡಿದರು. ಗುಂಪಿಗೊಂದು ಬಿಳಿ ಚಾರ್ಟ್ ಪೇಪರ್, ಎರಡು ಸ್ಕೆಚ್ ಪೆನ್. ‘ಮುಂದಿನ ಹತ್ತು ವರ್ಷದಲ್ಲಿ ನಮ್ಮ ಧರ್ಮಸಭೆ ಹೇಗಿರಬೇಕು’ ಅನ್ನೋದು ಪ್ರಶ್ನೆ. ಧರ್ಮಸಭೆ ಅಂದರೆ ನಮ್ಮ ಇಡೀ ಚರ್ಚ್.

ನಮ್ಮ ಗುಂಪಿನಲ್ಲಿ ಭತ್ತ ನಾಟಿಗೆ ಹೋಗುವ ಒಬ್ಬ ಹೆಣ್ಣುಮಗಳು ಇದ್ದಳು. ಬಹಳ ಹೊತ್ತು ಸುಮ್ಮನಿದ್ದಳು. ಸಿಸ್ಟರ್ ಒತ್ತಾಯ ಮಾಡಿದ ಮೇಲೆ ಬಾಯಿ ಬಿಟ್ಟಳು. “ನಮ್ಮೂರಾಗ ನಮ್ಮೋರು ಸತ್ರ ಹೂಳಾಕ ಜಾಗ ಇಲ್ರೀ. ಹೋದ ವರ್ಷ ನಮ್ಮತ್ತೀನ್ನ ಕಾಲುವೆ ದಂಡಿ ಮ್ಯಾಲ ಹೂಳಿದ್ವಿ. ನೀರು ಬಿಟ್ಟಾಗೊಮ್ಮೆ ನನಗ ನಿದ್ದಿ ಬರಂಗಿಲ್ಲ.”

ಗುಂಪು ಗಪ್ಪಾಯಿತು. ಬರೆಯುತ್ತಿದ್ದ ಹುಡುಗ ಡಿಗ್ರಿ ಓದಿದವನು, ಒಳ್ಳೆಯ ಅಕ್ಷರ. ಅವನು ನೀಲಿ ಪೆನ್ನಿನಲ್ಲಿ ಬರೆದ: ‘ಮೂಲಸೌಕರ್ಯ ಒದಗಿಸುವುದು.’

ಅವನ ಮೇಲೆ ನನಗೆ ಸಿಟ್ಟಿಲ್ಲ. ಮೀಟಿಂಗಿಗೆ ತಕ್ಕ ಮಾತು ಬರೆಯಬೇಕು ಅಂತ ನಾವೇ ಅವನಿಗೆ ಕಲಿಸಿದ್ದೇವೆ. ಬೇರೆ ಗುಂಪಿನ ಚಾರ್ಟುಗಳಲ್ಲೂ ಹಾಗೇ. ಯುವಜನ ಸಬಲೀಕರಣ, ವಿಶ್ವಾಸದ ಬೆಳವಣಿಗೆ, ಮಾಧ್ಯಮ ಸೇವೆ. ಒಂದೊಂದರ ಹಿಂದೆಯೂ ಯಾರೋ ಒಬ್ಬರ ಒಂದು ನಿಜವಾದ ಮಾತು ಇತ್ತು. ತಿಂಗಳಿಗೊಂದೇ ಪೂಜೆ ಸಿಗುವ ಊರಿನವರು ಬೇರೆ ಭಾನುವಾರ ಏನು ಮಾಡಬೇಕು ಅಂತ ಕೇಳಿದ್ದರು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನವರು ತೆಲುಗಿನಲ್ಲಿ ಪೂಜೆ ಬೇಕು ಅಂದಿದ್ದರು. ಬೆಂಗಳೂರಿಗೆ ಗುಳೆ ಹೋದ ಮಗ ಅಲ್ಲಿ ಯಾವ ಚರ್ಚಿಗೂ ಸೇರಲಿಲ್ಲ ಅಂತ ಒಬ್ಬ ತಂದೆ ಹೇಳಿಕೊಂಡಿದ್ದರು. ಚಾರ್ಟಿನ ಮೇಲೆ ಮಗನೂ ಇಲ್ಲ, ಬೆಂಗಳೂರೂ ಇಲ್ಲ.

ಉಪ್ಪಿಟ್ಟು, ಚಹಾ ಆಯಿತು. ಚಾರ್ಟುಗಳನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಬೀರು ಮೇಲಿಟ್ಟರು.

ಮುಂದೆ ಅವುಗಳನ್ನು ನಾನು ನೋಡಿದ್ದು ಡಿಸೆಂಬರಿನಲ್ಲಿ. ಹುಡುಗರು ಕ್ರಿಸ್ಮಸ್ಸಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತಿದ್ದರು. ಗುಡ್ಡ ಮಾಡೋಕೆ ಪೇಪರ್ ಬೇಕಲ್ಲ. ಚಾರ್ಟುಗಳನ್ನು ಮುದುರಿ, ಕಂದು ಬಣ್ಣ ಬಳಿದು, ಒಳ್ಳೇ ಗುಡ್ಡ ಮಾಡಿದ್ದರು. ಬಣ್ಣ ಒಂದು ಕಡೆ ತೆಳ್ಳಗಾಗಿತ್ತು. ಕುರಿ ಕಾಯುವವನ ಗೊಂಬೆಯ ಕಾಲ ಕೆಳಗೆ ನೀಲಿ ಅಕ್ಷರದಲ್ಲಿ ‘ಸೌಕರ್ಯ’ ಅಂತ ಓದಲು ಬರುತ್ತಿತ್ತು.

ನಗು ಬಂತು, ನಿಜ ಹೇಳಬೇಕೆಂದರೆ. ಆಮೇಲೆ ಆ ಹೆಣ್ಣುಮಗಳು ಮಕ್ಕಳನ್ನು ಕರಕೊಂಡು ಗೋದಲಿ ನೋಡೋಕೆ ಬಂದಳು. ಅವಳಿಗೆ ಓದಲು ಬರೋದಿಲ್ಲ.

ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತೇವೆ. ನಿಮಗೂ ಗೊತ್ತಿರಬೇಕು. ಇಳಿಯುವಾಗ ಪ್ರಯಾಣಿಕ ಕೇಳಿದರೆ ಕೊಡುತ್ತೇವೆ. ಅವನು ಮರೆತರೆ? ಕಂಡಕ್ಟರಾಗಿ ಒಪ್ಪಿಕೊಳ್ಳುತ್ತೇನೆ, ಎಷ್ಟೋ ಸಲ ನಾವೂ ಮರೆತಂತೆ ಇದ್ದುಬಿಡುತ್ತೇವೆ. ಆದರೆ ಸಂಜೆ ಡಿಪೋದಲ್ಲಿ ಆ ಆಟ ನಡೆಯೋದಿಲ್ಲ. ಟಿಕೆಟ್ ಲೆಕ್ಕ ಬರೆಯುವ ವೇಬಿಲ್ ಒಂದು ಕಡೆ, ದುಡ್ಡು ಒಂದು ಕಡೆ. ಐದು ರೂಪಾಯಿ ಕಡಿಮೆ ಬಂದರೂ ಕೈಯಿಂದ ಕಟ್ಟಿಯೇ ಮನೆಗೆ ಹೋಗಬೇಕು. ಚರ್ಚಿನಲ್ಲಿ ನಮಗೆ ಟಿಕೆಟ್ ಹಿಂದೆ ಬರೆದುಕೊಡುವ ಅಭ್ಯಾಸ ಚೆನ್ನಾಗಿದೆ. ಡಿಪೋ ಮಾತ್ರ ಇಲ್ಲ.

ಚರ್ಚಿನಲ್ಲೂ ಹೀಗೆ ಲೆಕ್ಕ ಒಪ್ಪಿಸಿ ಅನ್ನೋದು ನನ್ನ ತಲೆಯಿಂದ ಹುಟ್ಟಿದ ಬೇಡಿಕೆ ಅಂತ ಯಾರೂ ತಿಳಿಯಬಾರದು. ಸೆಮಿನರಿಯಲ್ಲಿ ಓದುತ್ತಿರುವ ನಮ್ಮ ಸಂಬಂಧಿ ಹುಡುಗ ಫೋನಿನಲ್ಲಿ 1983ರ ಧರ್ಮಸಭೆಯ ಕಾನೂನು ತೆಗೆದು ಓದಿ ಹೇಳಿದ. ಪ್ರತಿ ಧರ್ಮಕೇಂದ್ರದಲ್ಲೂ ಆರ್ಥಿಕ ಸಮಿತಿ ಇರಲೇಬೇಕು, ಅದು 537ನೇ ಕಲಂ. ಜನ ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕು, ಅದು 1287. ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ಶ್ರೀಸಾಮಾನ್ಯರ ಹಕ್ಕು, ಕೆಲವೊಮ್ಮೆ ಕರ್ತವ್ಯವೇ ಆಗಿರುತ್ತದೆ ಅಂತ 212 ಹೇಳುತ್ತದೆ. ಧರ್ಮಕೇಂದ್ರದ ಪಾಲನಾ ಸಮಿತಿ ಸಲಹೆ ಕೊಡಬಹುದು ಅಷ್ಟೇ, ತೀರ್ಮಾನ ಮಾಡುವಂತಿಲ್ಲ ಅನ್ನೋದೂ ಅದೇ ಕಾನೂನಿನಲ್ಲಿ ಇದೆ. ಅದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ.

ಅಷ್ಟೇ ಅಲ್ಲ. ಪೋಪ್ ಫ್ರಾನ್ಸಿಸ್ 2021ರಲ್ಲಿ ಶುರು ಮಾಡಿದ ಸಿನೊಡ್, ಅಂದರೆ ಧರ್ಮಸಭೆಯ ಮಹಾಸಭೆ, ನಮ್ಮಂಥವರ ಮಾತು ಕೇಳುವುದರಿಂದಲೇ ಆರಂಭವಾಯಿತು. 2023ರಲ್ಲಿ ರೋಮಿನಲ್ಲಿ ಸೇರಿದಾಗ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಜೊತೆ ಶ್ರೀಸಾಮಾನ್ಯರೂ, ಹೆಂಗಸರೂ ಒಂದೇ ದುಂಡು ಮೇಜಿಗೆ ಕೂತರು. ಹೆಂಗಸರು ಸಿನೊಡ್‌ನಲ್ಲಿ ಮತ ಹಾಕಿದ್ದು ಅದೇ ಮೊದಲು. 2024ರ ಅಕ್ಟೋಬರ್ 26ರಂದು ಒಪ್ಪಿದ ಕೊನೆಯ ದಾಖಲೆಯಲ್ಲಿ, ತೀರ್ಮಾನ ಮಾಡುವ ಅಧಿಕಾರ ಧರ್ಮಾಧ್ಯಕ್ಷರದ್ದೇ, ಆದರೆ ಜನರನ್ನು ಸರಿಯಾಗಿ ಕೇಳಿ ಹೊರಟ ಅಭಿಪ್ರಾಯವನ್ನು ಕಡೆಗಣಿಸುವಂತಿಲ್ಲ ಅಂತ ಬರೆದಿದ್ದಾರೆ. ಲೆಕ್ಕ ಒಪ್ಪಿಸುವ ಬಗ್ಗೆಯೂ ಉದ್ದಕ್ಕೆ ಹೇಳಿದ್ದಾರೆ. ರೋಮಿನಲ್ಲಿ ಆದದ್ದು ನಮ್ಮ ತಾಲ್ಲೂಕಿಗೆ ಬರೋಕೆ ಯಾವ ಬಸ್ಸು ಹತ್ತಬೇಕೋ ಗೊತ್ತಾಗುತ್ತಿಲ್ಲ.

ಫಾದರ್‌ಗಳ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಹೋದ ಫಾದರ್ ಬೈಕಿನಲ್ಲಿ ಒಂಬತ್ತು ಹಳ್ಳಿ ಸುತ್ತುತ್ತಿದ್ದರು. ಸ್ಕೂಲಿನ ಪತ್ರ, ಕಾಂಪೌಂಡ್ ತಕರಾರು, ಆಸ್ಪತ್ರೆಗೆ ಸೇರಿದವರು, ಎಲ್ಲ ಒಬ್ಬರ ತಲೆ ಮೇಲೆ. ಗೋದಲಿಯ ಗುಡ್ಡದ ವಿಷಯ ಹೇಳಿದಾಗ ಅವರ ಮುಖ ಸಣ್ಣದಾಯಿತು. “ನಾನು ಚಾರ್ಟ್ ಫೋಟೊ ತೆಗೆದು ಮೇಲೆ ಕಳಿಸಿದೆ ಅಣ್ಣಾ, ಆಮೇಲೆ ನನಗೂ ಯಾರೂ ಏನೂ ಹೇಳಲಿಲ್ಲ” ಅಂದರು. ನಾವು ಅವರನ್ನು ಕಾಯುತ್ತಿದ್ದೆವು, ಅವರು ಇನ್ಯಾರನ್ನೋ ಕಾಯುತ್ತಿದ್ದರು. ಆಮೇಲೆ ವರ್ಗ ಬಂತು. ಹೊಸಬರು ಬಂದು ಸ್ವಾಗತ ಆಯಿತು, ಎಲ್ಲ ಮೊದಲಿನಿಂದ ಶುರು.

ಅದಕ್ಕೇ ನಾನು ಕೇಳೋದು ಒಂದೇ. ಪುಸ್ತಕ ಇಡಿ. ಧರ್ಮಕೇಂದ್ರದ ಪುಸ್ತಕ, ಫಾದರ್ ಜೊತೆ ವರ್ಗವಾಗಬಾರದು. ಹೇಳಿದವರು ಹೇಳಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಪಕ್ಕದಲ್ಲಿ ಇನ್ನೊಂದು ಕಾಲಂ, ಏನಾಯಿತು ಅಂತ. ಆಗಿದ್ದರೆ ಆಯಿತು ಅನ್ನಿ. ಆಗೋದಿಲ್ಲ ಅಂದರೆ ಯಾಕೆ ಅಂತ ಒಂದು ಸಾಲು ಸಾಕು, ಯಾರೂ ಚರ್ಚ್ ಬಿಟ್ಟು ಹೋಗೋದಿಲ್ಲ. ಮೂರು ತಿಂಗಳಿಗೊಮ್ಮೆ ಪೂಜೆ ಮುಗಿದ ಮೇಲೆ ಓದಿ ಹೇಳಿ, ಓದಲು ಬಾರದವರು ಜಾಸ್ತಿ ಇದ್ದಾರೆ. ಕಾಣಿಕೆ ಲೆಕ್ಕವನ್ನೂ ಅವತ್ತೇ ಓದಿದರೆ ಇನ್ನೂ ಒಳ್ಳೇದು.

ಹಾಗೇ ಧರ್ಮಕ್ಷೇತ್ರ ಮಟ್ಟದ ಸಭೆಗಳನ್ನು ಬಳ್ಳಾರಿಯಲ್ಲಷ್ಟೇ ಇಡದೆ ಒಮ್ಮೆ ಸಿಂಧನೂರು, ಒಮ್ಮೆ ಗಂಗಾವತಿ ಅಂತ ಇಟ್ಟರೆ ಹೇಗೆ? ಮುದಗಲ್ ಕಡೆಯಿಂದ ಹೊರಟವರು ಬಳ್ಳಾರಿ ಮುಟ್ಟಿ ಸಭೆ ಮುಗಿಸಿ ಅದೇ ದಿನ ಮನೆ ಸೇರೋದು ಏನು ಅಂತ ಆ ರೂಟಿನಲ್ಲಿ ಓಡಾಡಿದವನಿಗೆ ಗೊತ್ತು. ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿರುವ ಊರು ಅದು. ಒಂದು ದಿನದ ಕೂಲಿ ಬಿಟ್ಟು ಬಾ ಅಂದರೆ ಬರೋದು ಪೆನ್ಷನ್ ತಗೊಳ್ಳುವ ನನ್ನಂಥವರೇ. ನಾವು ಮುದುಕರೇ ಕೂತು ಭವಿಷ್ಯ ಮಾತಾಡಿದರೆ ಏನು ಚೆಂದ?

ಈ ತಿಂಗಳು ಮತ್ತೆ ಸಭೆ ಇದೆ ಅಂತ ಹೋದ ಭಾನುವಾರ ಪ್ರಕಟಣೆ ಓದಿದರು. ಆ ಹೆಣ್ಣುಮಗಳು ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕು “ಹೋಗೂಣೇನಣ್ಣ?” ಅಂದಳು. ಹೋಗೋಣ ಅಂದೆ. ಬರುವಾಗ ಅಂಗಡಿಯಲ್ಲಿ ಇನ್ನೂರು ಪುಟದ ಒಂದು ರೂಲ್ ನೋಟ್‌ಬುಕ್ ತಂದೆ. ಸ್ಕೇಲ್ ಇಟ್ಟು ನಡುವೆ ಗೆರೆ ಎಳೆದಿದ್ದೇನೆ. ಮೊದಲ ಪುಟದ ಎಡಗಡೆ ಅವಳು ಹೇಳಿದ್ದನ್ನೇ ಬರೆದಿದ್ದೇನೆ, ಕಾಲುವೆ ದಂಡಿ, ನೀರು, ನಿದ್ದಿ ಎಲ್ಲ ಸೇರಿಸಿ. ಬಲಗಡೆ ಖಾಲಿ ಬಿಟ್ಟಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಬಸ್ ಕಂಡಕ್ಟರ್,
ರಾಯಚೂರು ಜಿಲ್ಲೆ