ಲೆನ್ಸ್ ಬದಲಾಗುತ್ತಿದೆ, ಕೂಲಿಂಗ್ ಗ್ಲಾಸ್ ಬಿಡಬೇಡಿ

ಪ್ರಿಯ ಗ್ರಾಹಕರೇ,

ಜೂನ್ 1ರಿಂದ ನಮ್ಮ ಉಡುಪಿ ಅಂಗಡಿಯಲ್ಲಿ ಯುವಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ) ತಡೆಯುವ ಕಾಂಟ್ಯಾಕ್ಟ್ ಲೆನ್ಸ್ ಮಾತ್ರ ಸ್ಟಾಕ್ ಇರುತ್ತದೆ. ಪೆಟ್ಟಿಗೆಗೆ 150 ರೂಪಾಯಿ ಜಾಸ್ತಿ ಬೀಳುತ್ತದೆ. ಸಿಲಿಂಡರ್ ಪವರ್ (ಕಣ್ಣಿನ ಉಬ್ಬು ಎಲ್ಲ ಕಡೆ ಸಮ ಇಲ್ಲದವರಿಗೆ ಕೊಡುವ ನಂಬರ್) ಇರುವವರಿಗೆ ಹೊಸ ಲೆನ್ಸಿನಲ್ಲಿ ಕೆಲವು ನಂಬರ್ ಸಿಗುತ್ತಿಲ್ಲ. ಅವರಿಗೆ ಈಗಿನ ಲೆನ್ಸನ್ನೇ ಆರ್ಡರ್ ಮೇಲೆ ತರಿಸಿಕೊಡುತ್ತೇವೆ.

ಬದಲಾವಣೆಗೆ ಕಾರಣ ನಮ್ಮ ಊರಿನ ಬಿಸಿಲು. ಮಲ್ಪೆ ಬಂದರಿನಲ್ಲಿ, ಬೈಕಿನಲ್ಲಿ ದಿನವಿಡೀ ಓಡಾಡುವವರೇ ನಮ್ಮಲ್ಲಿ ಹೆಚ್ಚು. ಅಮೆರಿಕದ ಚೆಸಪೀಕ್ ಕೊಲ್ಲಿಯ 838 ಮೀನುಗಾರರ ಕಣ್ಣು ಪರೀಕ್ಷಿಸಿದ ಅಧ್ಯಯನವೊಂದು 1988ರಲ್ಲಿ ಬಂತು. ಯುವಿ-ಬಿ (ಯುವಿಯ ಒಂದು ಬಗೆ) ಕಿರಣ ಎರಡು ಪಟ್ಟು ಬಿದ್ದವರಿಗೆ ಒಂದು ಬಗೆಯ ಕಣ್ಣಿನ ಪೊರೆಯ ಅಪಾಯ 1.6 ಪಟ್ಟು ಇತ್ತು. ಕಡಲಿನ ಮೇಲೆ ದುಡಿಯುವವರ ಕಣ್ಣು ಅಲ್ಲೂ ಒಂದೇ, ಇಲ್ಲೂ ಒಂದೇ ಅಲ್ವಾ?

"ಹಾಗಾದ್ರೆ ಇದನ್ನು ಹಾಕಿದ್ರೆ ಪೊರೆ ಬರೋದೇ ಇಲ್ವಾ?" ಎಂದು ಆಗಲೇ ಕೆಲವರು ಕೇಳಿದ್ದಾರೆ. ಹಾಗೆ ಹೇಳಿ ಮಾರುವುದಿಲ್ಲ. ಯುವಿ ಎಷ್ಟು ತಡೆಯುತ್ತದೆ ಎಂಬುದರ ಮೇಲೆ ಲೆನ್ಸಿಗೆ ದರ್ಜೆ ಇದೆ: ಒಂದನೇ ದರ್ಜೆಯದು ಯುವಿ-ಬಿಯಲ್ಲಿ ಕನಿಷ್ಠ 99%, ಯುವಿಯ ಇನ್ನೊಂದು ಬಗೆಯಾದ ಯುವಿ-ಎಯಲ್ಲಿ 90% ತಡೆಯುತ್ತದೆ. ಎರಡನೇ ದರ್ಜೆಯದು 95% ಮತ್ತು 70%. ಆದರೆ ಇದರಿಂದ ಪೊರೆ ಕಡಿಮೆಯಾಗುತ್ತದೆ ಎಂದು ಇನ್ನೂ ಸಾಬೀತಾಗಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಸ್ಟೀರಾಯ್ಡ್ ಔಷಧಿ ಇವೆಲ್ಲ ಪೊರೆಗೆ ಕಾರಣವೇ.

ಇನ್ನೊಂದು ವಿಷಯ. ಮೆತ್ತನೆ ಲೆನ್ಸ್ ಕಪ್ಪುಗುಡ್ಡೆಯನ್ನೂ ಅದರ ಅಂಚನ್ನೂ ಮುಚ್ಚುತ್ತದೆ, ಅಷ್ಟೇ. ಉಳಿದ ಬಿಳಿಭಾಗ, ರೆಪ್ಪೆ ಬಿಸಿಲಿಗೆ ಹಾಗೇ ಇರುತ್ತವೆ. ಗಟ್ಟಿ ಲೆನ್ಸ್ ಕಪ್ಪುಗುಡ್ಡೆಯನ್ನೂ ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ಕೂಲಿಂಗ್ ಗ್ಲಾಸ್, ಟೋಪಿ ಬೇಕೇ ಬೇಕು.

ಕೂಲಿಂಗ್ ಗ್ಲಾಸ್ ಕಪ್ಪಗಿದ್ದರೆ ಸಾಲದು. ಯುವಿ ತಡೆಯದ ಕಪ್ಪು ಗ್ಲಾಸ್ ಹಿಂದೆ ಪಾಪೆ ದೊಡ್ಡದಾಗಿ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗಬಹುದು. ಪರೀಕ್ಷೆಗೆ ಕೌಂಟರಿನಲ್ಲಿ ಒಂದು ಯುವಿ ಟಾರ್ಚ್ ಇಟ್ಟಿದ್ದೇವೆ. 500ರ ನೋಟಿನ ಸೀರಿಯಲ್ ನಂಬರಿನ ಮೇಲೆ ಬೆಳಕು ಬಿಟ್ಟರೆ ಅಂಕಿಗಳು ಮಿನುಗುತ್ತವೆ. ನಡುವೆ ನಿಮ್ಮ ಗ್ಲಾಸ್ ಹಿಡಿಯಿರಿ. ಹೊಳಪು ನಿಂತರೆ ಆ ಗ್ಲಾಸ್ ಪರವಾಗಿಲ್ಲ. ಬೇರೆ ಕಡೆ ಕೊಂಡದ್ದಾದರೂ ತನ್ನಿ, ಸುಮ್ನೆ ನೋಡಿಕೊಡುತ್ತೇವೆ, ದುಡ್ಡು ಬೇಡ.

ಮನೆಯಲ್ಲಿರುವ ಹಳೆಯ ಲೆನ್ಸ್ ಎಸೆಯಬೇಡಿ. ಅವಧಿ ಇರುವವರೆಗೆ ಹಾಕಿಕೊಳ್ಳಿ. ಒಡೆಯದ ಪೆಟ್ಟಿಗೆ ಇದ್ದರೆ ಬಿಲ್ ಸಮೇತ ತನ್ನಿ, ವ್ಯತ್ಯಾಸದ ಹಣ ಕೊಟ್ಟು ಬದಲಾಯಿಸಿಕೊಳ್ಳಬಹುದು. ಹೊಸದರ ಅಳತೆ ಸ್ವಲ್ಪ ಬೇರೆ. ಆದ್ದರಿಂದ ಮೊದಲ ಸಲ ಫೋನಿನಲ್ಲಿ ಆರ್ಡರ್ ಬೇಡ, ಬಂದು ಕಣ್ಣಿಗೆ ಹಾಕಿ ನೋಡಿ. ಭಾನುವಾರ ಮಧ್ಯಾಹ್ನದವರೆಗೆ ತೆರೆದಿರುತ್ತೇವೆ.

ಇಂತಿ,
ನಿಮ್ಮ ಕನ್ನಡಕದ ಅಂಗಡಿಯವರು