ಭಾನುವಾರಕ್ಕೆ ಒಂದು ಭಾಮಿನಿ

ಗೆಳೆಯರೇ, ಭಾನುವಾರ ಮುಂಬೈಯ ಮಾಟುಂಗಕ್ಕೆ ಬರುವಾಗ ಒಂದು ಭಾಮಿನಿ ಷಟ್ಪದಿ, ಅಂದರೆ ಆರು ಸಾಲಿನ ಪದ್ಯ, ಬರೆದು ತನ್ನಿ. 1, 2, 4, 5ನೇ ಸಾಲಿಗೆ 3+4+3+4, ಅಂದರೆ 14 ಮಾತ್ರೆ. ಮಾತ್ರೆ ಎಂದರೆ ಉಚ್ಚಾರದ ಅಳತೆ: ಲಘು, ಅಂದರೆ ಗಿಡ್ಡ ಅಕ್ಷರಕ್ಕೆ 1; ಗುರು, ಅಂದರೆ ಉದ್ದ ಅಕ್ಷರಕ್ಕೆ 2. 3 ಮತ್ತು 6ನೇ ಸಾಲಿಗೆ 3+4 ಮೂರು ಸಲ, ಕೊನೆಗೊಂದು ಗುರು: 23. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ.

ಕಡಲ ತೆರೆಗಳು ಕರೆದು ನಿಲಿಸಿವೆ
ಬಿಡದೆ ಸುರಿದಿದೆ ಮಳೆಯು ದಾದರ...

ಬೆರಳು ಮಡಚಿ ಎಣಿಸಿ ನೋಡಿ. ಹೆಚ್ಚಿನವರು ಎಡವುವುದು ಒತ್ತಕ್ಷರದಲ್ಲಿ: ‘ದಾದರಲ್ಲಿ’ 5 ಅಲ್ಲ, 6, ‘ಲ್ಲಿ’ಯ ಹಿಂದಿನ ‘ರ’ ಗುರುವಾಗುತ್ತದೆ. ‘ಸಮುದ್ರ’ 4 ಮಾತ್ರೆ, 3ರ ಜಾಗದಲ್ಲಿ ಕೂರದು; ‘ಕಡಲು’ ನೆನಪಾಗುವುದು ಆಗಲೇ. ಕಲ್ಪನೆ ಕೆಲಸ ಶುರುಮಾಡುವುದೇ ಈ ಇಕ್ಕಟ್ಟಿನಲ್ಲಿ.

ಬರೆದದ್ದನ್ನು ಪಕ್ಕದವರಿಂದ ಓದಿಸಿ. ನಾವೇ ಓದಿದರೆ, ಸಾಲು ಕುಂಟುವ ಕಡೆ ನಾಲಿಗೆ ತಾನಾಗಿ ಎಳೆದು ಸರಿಮಾಡಿಬಿಡುತ್ತದೆ, ತಪ್ಪು ಕೇಳಿಸುವುದೇ ಇಲ್ಲ.